ಮೈಲಾರ ತಡವಾಗಿ ಬರುತ್ತಿದ್ದ ಮಳೆಗಾಲ

ಒದ್ದೆ ಅರಿಶಿನದ ವಾಸನೆ ಮೂಗಿಗೆ ಬಡಿದರೆ ಬೇರೆಯವರಿಗೆ ಭಕ್ತಿ ಬರಬಹುದು, ನನಗೆ ಸಿಟ್ಟು ಬರುತ್ತದೆ. ಮೊನ್ನೆ ಪುಣೆಯ ಕಾತ್ರಜದಲ್ಲಿ ಬಸ್ಸಿಗೆ ಕಾಯುತ್ತ ನಿಂತಿದ್ದೆ. ಜಿಟಿಜಿಟಿ ಮಳೆ. ಜೇಜುರಿ ಮುಗಿಸಿಕೊಂಡು ಊರಿಗೆ ಹೊರಟಿದ್ದ ಬೆಳಗಾವಿ ಕಡೆಯ ಯಾತ್ರಿಕರ ಗುಂಪೊಂದು ಬಂದು ನನ್ನ ಪಕ್ಕದಲ್ಲೇ ನಿಂತಿತು. ತಲೆ, ಕಿವಿ, ಅಂಗಿ, ಚೀಲ, ಕೊನೆಗೆ ಕೈಯಲ್ಲಿದ್ದ ನೀರಿನ ಬಾಟಲಿ ಕೂಡ ಹಳದಿ. ಖಂಡೋಬನ ಮೇಲೆ ತೂರಿದ ಭಂಡಾರದ ಅರಿಶಿನ ಮಳೆಗೆ ಕರಗಿ ಎಲ್ಲರ ಕತ್ತಿನಿಂದ ಇಳಿಯುತ್ತಿತ್ತು. ಒಬ್ಬ ಮುದುಕಿ ನನ್ನ ಮುಖ ನೋಡಿ ಏನೆಂದುಕೊಂಡಳೋ, "ತೊಗೋ ನಮ್ಮವ್ವಾ, ಮೈಲಾರಂದು" ಅನ್ನುತ್ತ ಒಂದು ಚಿಟಿಕೆ ಹಣೆಗೆ ಹಚ್ಚಿಯೇಬಿಟ್ಟಳು. ಪಾಪ, ಅವಳಿಗೇನು ಗೊತ್ತು. ಇಂಥದೇ ಒಂದು ಚಿಟಿಕೆ ಒಂದು ಇಡೀ ಮಳೆಗಾಲ ನನ್ನ ಜೀವ ತಿಂದಿತ್ತು.

ಆಗ ನಾನು ಕಾತ್ರಜದ ಗುಡ್ಡಗಳಿಗೆ ಮುಖ ಮಾಡಿದ ಒಂದು ಕಟ್ಟಡದ ಮೇಲಿನ ಮಹಡಿಯಲ್ಲಿ ಕೆಲಸ ಮಾಡುತ್ತಿದ್ದೆ. ಧಾರವಾಡದಲ್ಲಿ ಕೆಲ ವರ್ಷ ಕಾಲೇಜಿನಲ್ಲಿ ಪಾಠ ಹೇಳಿ, ಮದುವೆಯಾಗಿ ಪುಣೆಗೆ ಬಂದು, ಹತ್ತು ಹನ್ನೆರಡು ಜನರ ಒಂದು ಸಣ್ಣ ಸಂಸ್ಥೆ ಸೇರಿದ್ದೆ. ನಾವು ಪುಟ್ಟ ಉಪಗ್ರಹಗಳನ್ನು ಕಟ್ಟುತ್ತಿದ್ದೆವು. ಪುಟ್ಟವು ಅಂದರೆ ನಿಜಕ್ಕೂ ಪುಟ್ಟವು. ಒಂದೊಂದೂ ಚಪ್ಪಲಿ ಡಬ್ಬಿಯಷ್ಟು. ದೊಡ್ಡ ಉಪಗ್ರಹ ಒಂದು ಮಾಡುವ ಕೆಲಸವನ್ನು ಸಣ್ಣವು ನಾಲ್ಕಾರು ಸೇರಿ ಹಂಚಿಕೊಂಡು ಮಾಡಬೇಕು ಎನ್ನುವುದು ಈ ಕಾಲದ ಹುಚ್ಚು, ನಮಗೂ ಅದೇ ಹಿಡಿದಿತ್ತು. ನಮ್ಮವು ಮೂರು. ಒಂದರ ಹಿಂದೆ ಒಂದು ಒಂದೇ ದಾರಿಯಲ್ಲಿ ಹೋಗಬೇಕು. ಬಾರಾಮತಿಯ ಕಬ್ಬಿನ ಗದ್ದೆಗಳ ಚಿತ್ರ ತೆಗೆಯುವುದು ಅವುಗಳ ಕೆಲಸ. ಮಳೆಗಾಲದಲ್ಲಿ ಮೇಲಿನಿಂದ ನೋಡುವುದು ಅಂದರೆ ಮೋಡ ನೋಡುವುದೇ ಆಗುತ್ತದೆ. ಅದಕ್ಕೆ ಈ ಉಪಾಯ. ಮುಂದೆ ಹೋದದ್ದು ಮೋಡ ಎಲ್ಲಿ ಬಿರಿದಿದೆ ಎಂದು ನೋಡಿ ಹಿಂದಿನದಕ್ಕೆ ಹೇಳಬೇಕು, ನಡುವಿನದು ಅದನ್ನು ಕೊನೆಯದಕ್ಕೆ ದಾಟಿಸಬೇಕು, ಸಂದಿ ಮುಚ್ಚುವುದರೊಳಗೆ ಚಿತ್ರ ಸಿಗಬೇಕು. ನೆಲದ ಜೊತೆ ಮಾತಾಡುವ ಬಾಯಿ ಇದ್ದದ್ದು ನಡುವಿನದಕ್ಕೆ ಮಾತ್ರ. ಉಳಿದೆರಡು ಏನೇ ಹೇಳುವುದಿದ್ದರೂ ಅದರ ಮೂಲಕವೇ.

ಹೆಸರಿಟ್ಟವರು ಮಲ್ಲಪ್ಪನವರು. ಉಪಗ್ರಹಗಳನ್ನು ಜೋಡಿಸುವ ಕೆಲಸ ಅವರದು. ಬೆಳಗಾವಿಯವರು, ಪಿಂಪ್ರಿಯ ಕಾರ್ಖಾನೆಯೊಂದರಲ್ಲಿ ಜನ್ಮ ಸವೆಸಿ ನಿವೃತ್ತರಾದ ಮೇಲೆ ನಮ್ಮಲ್ಲಿಗೆ ಬಂದವರು, ಆ ವರ್ಷ ಇಲ್ಲಿಂದಲೂ ನಿವೃತ್ತರಾಗುವವರಿದ್ದರು. ಮನೆದೇವರು ಮೈಲಾರ. ಜೇಜುರಿಯ ಖಂಡೋಬಾ ಅಂದರೂ ಅವನೇ. ನಡುವಿನ ಉಪಗ್ರಹ ಮೈಲಾರ, ಮುಂದಿನದು ಅವನ ಹಿರಿ ಹೆಂಡತಿ ಮ್ಹಾಳಸಾ, ಹಿಂದಿನದು ಕಿರಿ ಹೆಂಡತಿ ಬಾನಾಯಿ. "ಇಬ್ರೂ ಹೆಂಡ್ರು ಒಬ್ರಿಗೊಬ್ರು ಮಾತಾಡಂಗಿಲ್ರಿ, ಗಂಡನೇ ನಡಕ ನಿಂತು ಇಬ್ರಿಗೂ ಹೇಳಬೇಕು, ನಮ್ಮ ಡಿಸೈನೂ ಅದ ಅಲ್ಲೇನ್ರಿ" ಎಂದು ಅವರು ನಗಾಡಿದಾಗ ಎಲ್ಲರೂ ಚಪ್ಪಾಳೆ ತಟ್ಟಿದ್ದೆವು. ಅವರು ಅಷ್ಟಕ್ಕೇ ನಿಲ್ಲಿಸಿದ್ದರೆ ನಾನು ಈ ಕಥೆ ಬರೆಯುತ್ತಿರಲಿಲ್ಲ. ಜೇಜುರಿಗೆ ಹೋಗಿಬಂದವರೇ ಒಂದು ಚಿಟಿಕೆ ಭಂಡಾರ ತಂದು ಮೈಲಾರನ ಮೇಲಿನ ಪ್ಲಾಸ್ಟಿಕ್ ಮುಚ್ಚಳಕ್ಕೆ ಬೊಟ್ಟಿಟ್ಟರು.

ಮೂರು ಉಪಗ್ರಹಗಳೂ ಹೊರಗಿನಿಂದ ಒಂದೇ ಥರ. ಯಾವುದು ಯಾವುದು ಎನ್ನುವ ನಂಬರು ತಳದಲ್ಲಿ ಕೆತ್ತಿತ್ತು. ಅದನ್ನು ಓದಬೇಕಾದರೆ ಎತ್ತಿ ತಿರುಗಿಸಬೇಕು. ಎತ್ತಿ ತಿರುಗಿಸದ ಸೋಮಾರಿತನಕ್ಕೆ ಆ ಹಳದಿ ಬೊಟ್ಟು ಬಹಳ ಅನುಕೂಲವಾಯಿತು. ಕೆಲವೇ ವಾರಗಳಲ್ಲಿ ಇಡೀ ಆಫೀಸು "ಅರಿಶಿನದ್ದು ಕೊಡ್ರಿ", "ಅರಿಶಿನ ಇಲ್ಲದ್ದು ಚಾರ್ಜಿಗೆ ಹಾಕ್ರಿ" ಅನ್ನತೊಡಗಿತು. ಮರಾಠಿಯವರೂ ಅದನ್ನೇ ಕಲಿತರು.

ಅಷ್ಟರಲ್ಲಿ ಕಾರ್ತಿಕ್ ಬಂದ. ಬೆಂಗಳೂರಿನ ಹುಡುಗ, ಇಪ್ಪತ್ತೆಂಟರ ಆಸುಪಾಸು. ಮೂರೂ ಉಪಗ್ರಹಗಳು ತಮ್ಮತಮ್ಮಲ್ಲಿ ಮಾತಾಡುವ ರೇಡಿಯೋ ಅವನದೇ ಕೈಕೆಲಸ. ಹೊರಗಿನಿಂದ ತರಿಸದೆ ಇಲ್ಲೇ ಕಟ್ಟುತ್ತೇನೆ ಎಂದು ಹಟ ಹಿಡಿದು ಕಟ್ಟಿದ. ಕಡಿಮೆ ಶಕ್ತಿಯದು, ಪಕ್ಕದವರಿಗೆ ಕೇಳಿದರೆ ಸಾಕು ಎಂಬ ಲೆಕ್ಕದ್ದು. ಬುದ್ಧಿವಂತ, ಮೈಮುರಿದು ದುಡಿಯುವವ, ಆದರೆ ಎದುರಿಗಿದ್ದವರ ಜೊತೆ ಬಾಯಿಬಿಟ್ಟು ಮಾತಾಡುವ ಅಭ್ಯಾಸವಿಲ್ಲದವ. ಧೂಳಿಲ್ಲದಂತೆ ಕಾಯುವ ಕೋಣೆಯಲ್ಲಿ ಅರಿಶಿನ ಕಂಡು ಅವನಿಗೆ ಎದೆ ಒಡೆಯಿತು. ನ್ಯಾಯವಾದದ್ದೇ. ಮಲ್ಲಪ್ಪನವರು ಅವನಿಂದ ಎರಡು ಕುರ್ಚಿ ಆಚೆ ಕೂರುತ್ತಿದ್ದರು. ಕಾರ್ತಿಕ್ ಅವರಿಗೆ ಹೇಳಲಿಲ್ಲ, ಮೇಲ್ ಹಾಕಿದ, ಮುಖ್ಯಸ್ಥರಿಗೂ ಒಂದು ಪ್ರತಿ ಕಳಿಸಿದ.

"ಬಾಯಾರ, ಇದೇನ್ರಿ ಇದು?" ಮಲ್ಲಪ್ಪನವರು ಫೋನು ನನ್ನ ಮೂಗಿಗೇ ಹಿಡಿದರು. ಪಾಠ ಹೇಳಿದ್ದೆ ಅಂತ ಗೊತ್ತಾದ ದಿನದಿಂದ ನಾನು ಅವರಿಗೆ ಬಾಯಾರು, ಅಂದರೆ ಟೀಚರಮ್ಮ. "ಬಾಜೂಕ ಕೂಡ್ತಾನ, ಬಾಯಿ ಇಲ್ಲೇನ್ರಿ ಅವಗ? ನಾ ಉಪಗ್ರಹಕ್ಕ ಹಚ್ಚೇನೇನ್ರಿ? ಮುಚ್ಚಳಕ್ಕ ಹಚ್ಚೇನಿ. ಮುಚ್ಚಳ ಮ್ಯಾಲ ಹೋಗೂದಿಲ್ಲ."

ಕೋಣೆಯ ಉಸ್ತುವಾರಿ ಮೇಧಾತಾಯಿಯದು. ಮುಖ್ಯಸ್ಥರ ಮಾತಿನಂತೆ ಆಕೆ ಅಂದೇ ಸಂಜೆ ಮೂರೂ ಮುಚ್ಚಳ ತೆಗೆದು ಸ್ಪಿರಿಟ್ ಹಾಕಿ ಒರೆಸಿಟ್ಟಳು. ಮಾರನೇ ದಿನ ನೋಡಿದರೆ ಬೊಟ್ಟು ಮತ್ತೆ ಇತ್ತು, ಸಾಸಿವೆ ಕಾಳಿನಷ್ಟು, ಮೂಲೆಯಲ್ಲಿ. ಮೇಧಾತಾಯಿ ನನ್ನ ಮುಖ ನೋಡಿ "ಜಾಊ ದ್ಯಾ" ಅಂದಳು. ಹೋಗಲಿ ಬಿಡಿ ಎಂದು ನಾನೂ ಬಿಟ್ಟೆ.

ಅಂದಿನಿಂದ ಅವರಿಬ್ಬರ ಮಾತು ಬಂದ್. ಜಗಳ ಆಡಿದ್ದರೆ ಒಂದು ದಿನದಲ್ಲಿ ಮುಗಿಯುತ್ತಿತ್ತು. ಇವರು ಜಗಳ ಆಡಲಿಲ್ಲ, ನನ್ನನ್ನು ನಡುವೆ ನಿಲ್ಲಿಸಿಕೊಂಡರು. ಕನ್ನಡ ಬಲ್ಲವರು ನಾವು ಮೂವರೇ. "ಬಾಯಾರ, ಅವಗ ಹೇಳ್ರಿ, ಆ ವೈರ್ ಗಿಡ್ಡ ಆಗೇದ ಅಂತ." ಅವನು ಅಲ್ಲೇ ನಿಂತಿರುತ್ತಿದ್ದ, ಕೇಳಿಸಿಕೊಳ್ಳುತ್ತಿದ್ದ, ಆದರೂ ನಾನು ಹೇಳುವ ತನಕ ಕಾಯುತ್ತಿದ್ದ. ಹೇಳಿದ ಮೇಲೆ, "ಮೇಡಂ, ಅವ್ರಿಗೆ ಹೇಳಿ, ಡ್ರಾಯಿಂಗಲ್ಲಿ ಇರೋ ಅಳತೆನೇ ಅದು ಅಂತ." ನಾನೂ ಒಂದು ಉಪಗ್ರಹವೇ ಆಗಿಹೋದೆ. ಮನೆಗೆ ಹೋದರೆ ನನ್ನ ಗಂಡ ಮತ್ತು ಮಗಳು ಟಿವಿಯ ರಿಮೋಟಿಗೆ ಜಗಳವಾಡಿ ನನ್ನ ಕಡೆ ತಿರುಗಿದರೆ ಎದ್ದು ಅಡುಗೆಮನೆಗೆ ಹೋಗಿಬಿಡುತ್ತಿದ್ದೆ.

ರಾಕೆಟ್ಟಿಗೆ ಕಳಿಸುವ ಮೂರು ಖಾನೆಯ ಪೆಟ್ಟಿಗೆಯಲ್ಲಿ ಉಪಗ್ರಹಗಳನ್ನು ಇಡುವ ದಿನ ಬಂತು. ಯಾವ ಖಾನೆಯಲ್ಲಿ ಯಾವುದು ಕೂರುತ್ತದೋ ಅದೇ ಕ್ರಮದಲ್ಲಿ ಆಕಾಶದಲ್ಲಿ ಹೊರಬೀಳುತ್ತವೆ. ಇಡುವ ಕೈ ಮಲ್ಲಪ್ಪನವರದು. ನಾವು ಗಾಜಿನ ಆಚೆ ನಿಂತಿದ್ದೆವು. ಮುಚ್ಚಳ ತೆಗೆದು ಎರಡನೆಯದನ್ನು ಅವರು ನಡುವಿನ ಖಾನೆಗೆ ಇಳಿಸುವ ಮೊದಲು ಕಾರ್ತಿಕ್ ನನ್ನ ಕಿವಿಯಲ್ಲಿ, "ಮೇಡಂ, ಅದು ಮೈಲಾರಾನೇ ತಾನೆ ಅಂತ ಕೇಳಿ" ಅಂದ. ನಾನು ಮೈಕಿನಲ್ಲಿ ಕೇಳಿದೆ.

"ಮುಚ್ಚಳದ ಮ್ಯಾಲ ಅರಿಶಿನ ಕಾಣ್ಸೂದಿಲ್ಲೇನು ಅಂತ ಕೇಳ್ರಿ ಅವಗ" ಎಂದು ಒಳಗಿನಿಂದ ಉತ್ತರ ಬಂತು. ಕೆತ್ತಿದ ನಂಬರನ್ನು ಯಾರೂ ಓದಲಿಲ್ಲ. ಬಾಗಿಲು ಮುಚ್ಚಿತು.

ಮೇ ತಿಂಗಳ ಬಿಸಿಲಿನಲ್ಲಿ ಅವು ಮೇಲೆ ಹೋದವು. ನಮ್ಮ ಮೂರರ ಜೊತೆಗೆ ಅದೇ ರಾಕೆಟ್ಟಿನಲ್ಲಿ ಯಾರ್‍ಯಾರದೋ ಡಜನುಗಟ್ಟಲೆ ಸಣ್ಣ ಉಪಗ್ರಹಗಳು. ಎಲ್ಲವನ್ನೂ ಒಟ್ಟಿಗೆ ಚೆಲ್ಲಿದರೆ ಮೊದಮೊದಲು ಯಾವುದು ಯಾರದು ಎಂದು ಯಾರಿಗೂ ಸರಿಯಾಗಿ ಹೇಳಲಾಗುವುದಿಲ್ಲ. ದೂರದ ರಾಡಾರುಗಳು ಚುಕ್ಕೆಗಳನ್ನು ಎಣಿಸಿಕೊಡುತ್ತವೆ, ಹೆಸರು ಕೊಡುವುದಿಲ್ಲ. ಸಾಲಾಗಿ ಹೋಗುವ ಮೂರು ಚುಕ್ಕೆಗಳು ನಮ್ಮವು, ನಡುವಿನದು ಮೈಲಾರ ಎಂದು ನಾವೇ ಗುರುತು ಮಾಡಿಕೊಂಡೆವು. ಮಾಳಿಗೆಯ ಮೇಲಿನ ಆಂಟೆನಾದಿಂದ ಅವನ ದನಿ ಹಿಡಿಯುವುದು ನನ್ನ ಕೆಲಸ. ಮೊದಲ ದಿನ ಅವನು ಮಾತಾಡಿದಾಗ ಮಲ್ಲಪ್ಪನವರು ಪೇಢೆ ಹಂಚಿದರು. ಬಾನಾಯಿಯ ದನಿಯೂ ಅವನ ಮೂಲಕ ಬಂತು. ಮ್ಹಾಳಸಾ ಮಾತ್ರ ಮೊದಲ ಕೆಲವು ದಿನ, ಮೂವರೂ ಒತ್ತೊತ್ತಾಗಿದ್ದಾಗ, ಒಂದೆರಡು ಸಲ ತೊದಲಿದಳು. ಅಂತರ ಬೆಳೆದಂತೆ ಸುಮ್ಮನಾದಳು.

ಮುಂದಿನವಳೇ ಮೂಕಿಯಾದರೆ ಹಿಂದಿನವರಿಗೆ ಮೋಡದ ಸಂದಿ ತೋರಿಸುವವರು ಯಾರು? ಮಳೆ ಶುರುವಾಯಿತು. ಬಾನಾಯಿ ದಿನಾ ಬಾರಾಮತಿಯ ಮೇಲಿನ ಮೋಡದ ಚಿತ್ರ ತೆಗೆದು ಕಳಿಸಿದಳು. ಬೆಳ್ಳಗೆ, ಹತ್ತಿ ಹಿಂಜಿದಂತೆ, ಎಲ್ಲವೂ ಒಂದೇ ಥರ.

ನನಗೆ ಬೇರೆ ತಲೆನೋವು. ಮೈಲಾರ ತಡವಾಗಿ ಬರುತ್ತಿದ್ದ. ಬೆಳಗಿನ ಹೊತ್ತು ಅವನು ನಮ್ಮ ತಲೆಯ ಮೇಲೆ ಹಾದುಹೋಗುವುದು ಕೆಲವೇ ನಿಮಿಷ. ಇಷ್ಟು ಹೊತ್ತಿಗೆ ಏಳುತ್ತಾನೆ ಎಂದು ಲೆಕ್ಕ ಹೇಳಿದರೆ, ಅವನು ಅದಕ್ಕಿಂತ ತಡವಾಗಿ ಏಳುತ್ತಿದ್ದ, ತಡವಾಗಿ ಮುಳುಗುತ್ತಿದ್ದ. ವಾರದಿಂದ ವಾರಕ್ಕೆ ತಡ ಹೆಚ್ಚುತ್ತಿತ್ತು. ಹೇಳಿದೆ. ಮುಖ್ಯಸ್ಥರು ಕಿಟಕಿಯ ಆಚೆ ಕೈ ತೋರಿಸಿ, ಕಾತ್ರಜದ ಗುಡ್ಡ ಅಡ್ಡ ಇದೆಯಲ್ಲ ಅಂದರು. ಗುಡ್ಡ ಅಡ್ಡ ಇದ್ದರೆ ತಡವಾಗಿ ಏಳಬಹುದು ಸ್ವಾಮಿ, ತಡವಾಗಿ ಮುಳುಗುವುದು ಹೇಗೆ? ಆ ಪ್ರಶ್ನೆಗೆ ಅವರಿಗೆ ಮೀಟಿಂಗ್ ಇತ್ತು. ಮಲ್ಲಪ್ಪನವರು, "ಕೇಬಲಿನ್ಯಾಗ ನೀರು ಹೊಕ್ಕಿರಬೇಕು ನೋಡ್ರಿ" ಅಂದರು. ಕೊಡೆ ಹಿಡಿದು ಮಾಳಿಗೆ ಹತ್ತಿ ಕೇಬಲ್ ಬದಲಿಸಿದೆವು. ಕಾರ್ತಿಕ್, "ಮೇಡಂ, ನಿಮ್ಮ ಗಡಿಯಾರಾನೇ ಸರಿ ಇಲ್ಲ ಅನ್ಸುತ್ತೆ" ಅಂದ. ನನಗೂ ಹಾಗೇ ಅನ್ನಿಸಿಬಿಟ್ಟಿತ್ತು, ಅದೇ ದುರ್ದೈವ. ಕರೆಂಟು ಹೋಗಿ ಬಂದಾಗಲೆಲ್ಲ ಗಡಿಯಾರ ಕೆಡುತ್ತದೆ ಎಂದು ಕಟ್ಟಡದ ವಾಚ್‌ಮನ್ ಜೊತೆ ಮರಾಠಿಯಲ್ಲಿ ಕುಸ್ತಿ ಮಾಡಿ, ಇನ್ವರ್ಟರ್ ಹಾಕಿಸಿ, ಮುಖ್ಯಸ್ಥರ ಬೆನ್ನು ಬಿದ್ದು ಹೊಸ ಗಡಿಯಾರ ತರಿಸಿದೆ. ಹೊಸ ಗಡಿಯಾರದಲ್ಲೂ ಮೈಲಾರ ತಡವಾಗಿಯೇ ಬಂದ. ಆ ದಿನ ನಾನು ಹೆಡ್‌ಫೋನು ತೆಗೆದು ಮೇಜಿನ ಮೇಲೆ ಕುಕ್ಕಿದ್ದು ಕೆಳಗಿನ ಮಹಡಿಯ ದಂತವೈದ್ಯರಿಗೂ ಕೇಳಿತಂತೆ.

ಶ್ರಾವಣ ಮುಗಿಯುವ ಹೊತ್ತಿಗೆ ಮಾತು ಜೋರಾಯಿತು. ಗಣಪತಿ ಕಳಿಸಿದ ಮೇಲೆ ಹೊರಗಿನ ತಜ್ಞರು ಬಂದು ಪರಿಶೀಲಿಸುವವರಿದ್ದರು. ಮುಂದಿನ ಎಂಟು ಉಪಗ್ರಹಗಳಿಗೆ ಯಾವ ರೇಡಿಯೋ ಎಂದು ಅವರೇ ತೀರ್ಮಾನಿಸಬೇಕು. ಎಲ್ಲರ ಬಾಯಲ್ಲೂ ಒಂದೇ ತೀರ್ಪು ತಯಾರಾಗಿತ್ತು. ಮ್ಹಾಳಸಾ ಸತ್ತಳು, ಕೊಂದದ್ದು ಕಾರ್ತಿಕನ ರೇಡಿಯೋ. ಇನ್ನು ಮುಂದೆ ಹೊರಗಿನಿಂದಲೇ ತರಿಸೋಣ, ಅವನ ಕೆಲಸವನ್ನು ಮುಂದುವರಿಸುವುದು ಬೇಡ. ಮಲ್ಲಪ್ಪನವರೂ ಅದನ್ನೇ ಹೇಳುತ್ತಿದ್ದರು. "ಪೆಟ್ಟಿಗಿ ಬಾಗಲಾ ಛಂದ ತಗದಾವ, ಮೂರೂ ಹೊರಗ ಬಂದಾವ. ನನ್ನ ಕೆಲಸ ಮುಗೀತು. ಅವಗ ಹೇಳ್ರಿ ಬಾಯಾರ, ದೇವರಿಗೆ ಮೇಲ್ ಹಾಕು ಅಂತ."

ಆ ಕೊನೆಯ ಮಾತನ್ನು ನಾನು ದಾಟಿಸಲಿಲ್ಲ. ಕಾರ್ತಿಕ್ ಆಗಲೇ ಅರ್ಧ ಇಳಿದುಹೋಗಿದ್ದ. ಊಟದ ಡಬ್ಬಿ ತೆರೆದು ಹಾಗೇ ಮುಚ್ಚುತ್ತಿದ್ದ. "ಮೇಡಂ, ಇಲ್ಲಿ ಟೇಬಲ್ ಮೇಲೆ ಒಂದು ಸಲಾನೂ ಫೇಲ್ ಆಗಿಲ್ಲ. ಮೂರೂ ಒಂದೇ ಥರ ಕಟ್ಟಿದೀನಿ. ಬಾನಾಯಿದು ಕೆಲಸ ಮಾಡ್ತಿದೆ, ಅವಳದ್ದು ಯಾಕೆ ಮಾಡಲ್ಲ? ನನಗೇ ಗೊತ್ತಿಲ್ಲ ಅಂದ್ರೆ ಯಾರಿಗೆ ಹೇಳ್ಲಿ?" ಎಂದು ಒಂದು ಮಧ್ಯಾಹ್ನ ಕೇಳಿದ. ಅವನ ಕಣ್ಣು ಒದ್ದೆಯಾಗಿದ್ದವು. ಸಂಕಟವಾಯಿತು, ಸಂಕಟವಾದಾಗ ನನಗೆ ಸಿಟ್ಟೇ ಬರುವುದು. ಊಟ ಮಾಡು ಮೊದಲು ಎಂದು ಗದರಿದೆ.

ಪರಿಶೀಲನೆಗೆ ಮೊದಲಿನ ಭಾನುವಾರ ಮಲ್ಲಪ್ಪನವರು ಜೇಜುರಿಗೆ ಹೊರಟರು. ನಿವೃತ್ತಿಗೆ ಮುಂಚೆ ಎಲ್ಲರೂ ಒಮ್ಮೆ ಬರಬೇಕೆಂದು ಗಂಟುಬಿದ್ದರು. ಎಲ್ಲರಿಗೂ ಒಂದೊಂದು ನೆಪ ಸಿಕ್ಕಿತು, ನನಗೆ ಸಿಗಲಿಲ್ಲ. ಕೋಣೆಯಲ್ಲೇ ಕೂತು ಕೊರಗುತ್ತಾನೆಂದು ಕಾರ್ತಿಕನನ್ನೂ ಎಳೆದುಕೊಂಡು ಹೋದೆ. ಕಾರು ನನ್ನದು, ತಪ್ಪಿಸಿಕೊಳ್ಳುವ ದಾರಿ ಇಬ್ಬರಿಗೂ ಇರಲಿಲ್ಲ. ದಿವೆಘಾಟ್ ಏರುವಾಗ ಮಳೆ ಬಂತು.

"ಬಾಯಾರ, ಗ್ಲಾಸ್ ಏರಸು ಅಂತ ಹೇಳ್ರಿ ಅವಗ, ನೀರು ಒಳಗ ಹೊಡ್ಯಾಕತ್ತದ."

"ಮೇಡಂ, ಅವ್ರಿಗೆ ಹೇಳಿ, ಘಾಟಿ ತಿರುವಿಗೆ ನಂಗೆ ವಾಂತಿ ಬರೋ ಹಾಗಾಗ್ತಿದೆ, ಗಾಳಿ ಬೇಕು ಅಂತ."

ಸ್ಟಿಯರಿಂಗ್ ಬಿಟ್ಟು ಇಳಿದು ನಡೆದುಕೊಂಡೇ ಪುಣೆಗೆ ಹೋಗಿಬಿಡಲೇ ಅನ್ನಿಸಿತು. "ಇಬ್ಬರೂ ಬಾಯಿ ಮುಚ್ಚಿರಿ" ಅಂದೆ. ಮುಚ್ಚಿದರು. ಅದನ್ನಾದರೂ ಕೇಳಿದರಲ್ಲ.

ಜೇಜುರಿಯ ಮೆಟ್ಟಿಲ ಮೇಲೆ ಭಾನುವಾರದ ಜನ. ಏಳುಕೋಟಿಯ ಕೂಗು, ಬೊಗಸೆ ಬೊಗಸೆ ಭಂಡಾರ, ಮೇಲಿನಿಂದ ಹನಿ. ಗುಡಿಯಂಗಳ ತಲುಪುವಷ್ಟರಲ್ಲಿ ಎಲ್ಲರೂ ಅಡಿಯಿಂದ ಮುಡಿಯವರೆಗೆ ಹಳದಿ. ಮಲ್ಲಪ್ಪನವರು ತೆಂಗಿನಕಾಯಿಯ ಚೀಲ ನನಗೆ ಹಿಡಿಯಲು ಕೊಟ್ಟು ಸಾಲಿನಲ್ಲಿ ಮುಂದೆ ಹೋಗಿದ್ದರು. ಸ್ವಲ್ಪ ಹೊತ್ತಿಗೆ ಎದುರಿಗೆ ಕಂಡರು. ಅದೇ ಎತ್ತರ, ಅದೇ ಟೊಪ್ಪಿಗೆ. ತೋಳು ಹಿಡಿದು, "ಎಲ್ಲಿ ಹೋಗಿದ್ರಿ, ತಗೊಳ್ರಿ ನಿಮ್ಮ ಚೀಲ, ಕೈ ಬಿದ್ದುಹೋಗ್ಯಾವ ನನ್ನವು" ಎಂದು ಚೀಲ ಕೈಗೆ ತುರುಕಿದೆ. ಆತ ತಬ್ಬಿಬ್ಬಾಗಿ, "ಯವ್ವಾ, ನಾ ಕಲಬುರಗಿ ಕಡ್ಯಾಂವ, ಇದು ಯಾರ ಚೀಲ?" ಅಂದ. ಹಿಂದೆಯೇ ಇದ್ದ ನಿಜವಾದ ಮಲ್ಲಪ್ಪನವರು ಹೊಟ್ಟೆ ಹಿಡಿದು ನಕ್ಕರು.

ವಾರಗಳಿಂದ ನಗದಿದ್ದ ಕಾರ್ತಿಕನೂ ನಕ್ಕ. "ನಿಮ್ದೇನೂ ತಪ್ಪಿಲ್ಲ ಬಿಡಿ ಮೇಡಂ. ಬಣ್ಣ ನೋಡಿ ಗುರುತು ಹಿಡಿಯೋಕೆ ಹೋದ್ರೆ ಇಲ್ಲಿ ಯಾರು ಬೇಕಾದ್ರೂ ಅವರೇ."

ಮಲ್ಲಪ್ಪನವರ ನಗು ಅರ್ಧಕ್ಕೇ ನಿಂತಿತು. ದರ್ಶನವಾಯಿತು, ಕಾಯಿ ಒಡೆಸಿದ್ದಾಯಿತು. ಇಳಿಯುವಾಗ ಕಾರ್ತಿಕ್ ಚಹಾ ಹುಡುಕಿಕೊಂಡು ಮುಂದೆ ಹೋದ. ಇವರು ಒಂದು ದೀಪಮಾಲೆಯ ಬುಡದಲ್ಲಿ ಒದ್ದೆ ಮೆಟ್ಟಿಲ ಮೇಲೆ ಕೂತುಬಿಟ್ಟರು. ಮಂಡಿ ನೋವೇ ಎಂದು ಕೇಳಿದೆ.

"ಬಾಯಾರ, ಅವತ್ತ ಮೇಧಾತಾಯಿ ಬೊಟ್ಟು ಒರಸಿದ್ಲಲ್ಲ."

"ಹೌದು."

"ಮರುದಿನ ಮುಂಜಾನಿ ಎಲ್ಲಾರಕಿಂತ ಮದ್ಲ ಬಂದು ನಾ ಮತ್ತ ಹಚ್ಚಿದೆ. ಸಿಟ್ಟಿನ್ಯಾಗ ಇದ್ದೆ. ನಡಕ ಇಟ್ಟದ್ದ ಮೈಲಾರ ಅಂತ ತಿಳದು ಹಚ್ಚಿದೆ. ಆಕಿ ಒರಸುಮುಂದ ಮೂರೂ ಎತ್ತಿ ಇಟ್ಟಿದ್ಲು. ಹೆಂಗ ಇಟ್ಟಿದ್ಲೋ." ಅವರು ಹಳದಿ ಅಂಗೈ ತಿರುವಿ ನೋಡಿಕೊಂಡರು. "ತಳಕ್ಕ ನಂಬರ್ ನೋಡ್ಲಿಲ್ರಿ ನಾ."

ಅರ್ಥವಾಗಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಖಂಡೋಬನ ಮೆಟ್ಟಿಲು ಎನ್ನುವುದನ್ನೂ ಮರೆತು ಕೂಗಾಡಿದೆ. ಗಡಿಯಾರ, ಕೇಬಲ್, ವಾಚ್‌ಮನ್, ದಂತವೈದ್ಯ, ಎಲ್ಲವೂ ನನ್ನ ಬಾಯಲ್ಲಿ ಬಂದು ಹೋದವು. ಮೈಲಾರನಿಗೆ ಕೇಳುತ್ತಿದ್ದದ್ದು ಬಾನಾಯಿಯ ದನಿ ಮಾತ್ರ, ಅಂದರೆ ಬೊಟ್ಟು ಬಿದ್ದದ್ದು ಬಾನಾಯಿಗೆ. ನಡುವಿನ ಖಾನೆಗೆ ಇಳಿದದ್ದು ಬಾನಾಯಿ. ಮೈಲಾರ ತುದಿಗೆ ಹೋಗಿದ್ದ, ಅದಕ್ಕೇ ದಿನಾ ತಡ. ಮ್ಹಾಳಸಾ ಸತ್ತಿರಲಿಲ್ಲ. ಪಕ್ಕದ ಮನೆಗೆ ಕೇಳುವಷ್ಟು ದನಿಯವಳು, ಅವನು ಎರಡು ಮನೆ ಆಚೆ ಇದ್ದ. ನಡುವೆ ನಿಂತ ಬಾನಾಯಿಗೆ ಸವತಿಯ ಮಾತು ಕೇಳಿ ದಾಟಿಸುವ ವಿದ್ಯೆಯೇ ಇರಲಿಲ್ಲ. ಇಡೀ ಮಳೆಗಾಲ ಒಬ್ಬಳೇ ಮುಂದೆ ಹೋಗುತ್ತ ಮೋಡದ ಸಂದಿಗಳನ್ನು ಹೇಳುತ್ತಲೇ ಇದ್ದಿರಬೇಕು.

ಮಲ್ಲಪ್ಪನವರು ಎಲ್ಲ ಕೇಳಿಸಿಕೊಂಡು ಕೊನೆಗೆ, "ಅವಗ ಹೇಳ್ರಿ ಬಾಯಾರ" ಅಂದರು.

"ಹೇಳಂಗಿಲ್ಲ" ಅಂದೆ. "ಈ ಒಂದು ಮಾತು ನಾ ಹೊರೂದಿಲ್ಲ. ನೀವ ಹೇಳ್ರಿ."

ಕೆಳಗೆ ಚಹಾದ ಅಂಗಡಿಯಲ್ಲಿ ಕಾರ್ತಿಕ್ ಮೂರು ಗ್ಲಾಸು ಹಿಡಿದು ನಿಂತಿದ್ದ. ಮಲ್ಲಪ್ಪನವರು ಒಂದನ್ನು ತೆಗೆದುಕೊಂಡರು, ಅವನ ಮುಖ ನೋಡಿದರು, ಬಾಯಿ ತೆರೆದರು, ಚಹಾ ಕುಡಿದರು. ದಾರಿಯುದ್ದಕ್ಕೂ ಗ್ಲಾಸ್ ಏರಿಸು ಎಂದು ಕೂಡ ಹೇಳಲಿಲ್ಲ.

ಸೋಮವಾರ ಬೆಳಿಗ್ಗೆ ಮೈಲಾರ ಮೂರನೆಯವನು ಎಂದು ಲೆಕ್ಕ ಹಾಕಿ ಹೆಡ್‌ಫೋನು ಏರಿಸಿ ಕೂತೆ. ಹೇಳಿದ ಹೊತ್ತಿಗೆ ಸರಿಯಾಗಿ ಎದ್ದ, ಹೇಳಿದ ಹೊತ್ತಿಗೆ ಮುಳುಗಿದ. ಗುಡ್ಡ, ಮಳೆ, ಗಡಿಯಾರ ಎಲ್ಲ ನಿರಪರಾಧಿಗಳು. ಕಾರ್ತಿಕ್ ಎದುರಿಗೇ ಕೂತಿದ್ದ. ನಾಲಿಗೆ ಕಚ್ಚಿಕೊಂಡು ಸುಮ್ಮನಿದ್ದೆ. ಪರಿಶೀಲನೆಯ ಬೆಳಿಗ್ಗೆಯ ತನಕ ಮಲ್ಲಪ್ಪನವರಿಗೆ ಸಮಯ ಕೊಡುತ್ತೇನೆ, ಅವರ ಬಾಯಿಂದ ಬರದಿದ್ದರೆ ನಾನೇ ಎದ್ದು ಹೇಳುವುದು ಎಂದು ನಿಶ್ಚಯಿಸಿದ್ದೆ.

ಅದರ ಅಗತ್ಯ ಬೀಳಲಿಲ್ಲ. ತಜ್ಞರು ಕೂತಿದ್ದಾರೆ, ಮುಖ್ಯಸ್ಥರು ರೇಡಿಯೋ ಸೋತ ಬಗೆಯನ್ನು ಪರದೆಯ ಮೇಲೆ ತೋರಿಸುತ್ತಿದ್ದಾರೆ, ಕಾರ್ತಿಕ್ ತಲೆ ತಗ್ಗಿಸಿದ್ದಾನೆ. ಮಲ್ಲಪ್ಪನವರು ಎದ್ದು ನಿಂತರು. ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿದ್ದರು. ಅವರ ಇಂಗ್ಲಿಷು ಅಷ್ಟಕ್ಕಷ್ಟೇ, ಆದ್ದರಿಂದ ಮರಾಠಿಯಲ್ಲಿ ಹೇಳಿದರು. ರೇಡಿಯೋ ಸತ್ತಿಲ್ಲ. ನಡುವೆ ಇಡಬೇಕಾದದ್ದನ್ನು ನಾನು ಕೊನೆಗೆ ಇಟ್ಟಿದ್ದೇನೆ. ನಂಬರು ಓದದೆ ಇಟ್ಟ ಕೈ ನನ್ನದು. ಆ ಹುಡುಗ ಗಾಜಿನ ಆಚೆಯಿಂದ ಕೇಳಿದ್ದ, ನಾನು ಸೊಕ್ಕಿನಿಂದ ಉತ್ತರ ಕೊಟ್ಟೆ. ಅಷ್ಟು ಹೇಳಿ ಕೂತರು. ಜೇಜುರಿಯಲ್ಲಿ ನನಗೂ ಹೇಳದೆ ಸುಮ್ಮನಿದ್ದಿದ್ದರೆ ಅವರ ನಿವೃತ್ತಿಯ ಶಾಲು ಹಾರ ಎಲ್ಲ ಸಾಂಗವಾಗಿ ನಡೆಯುತ್ತಿತ್ತು, ಯಾರಿಗೂ ಎಂದೂ ಗೊತ್ತಾಗುತ್ತಿರಲಿಲ್ಲ. ನನ್ನ ನೀರಿನ ಗ್ಲಾಸನ್ನು ಅವರ ಕಡೆ ಸರಿಸಿದೆ.

ಕಾರ್ತಿಕ್ ಅವರ ಕಡೆ ನೋಡಲಿಲ್ಲ, ನನ್ನ ಕಡೆ ನೋಡಿದ. ಹೊರಗೆ ಬಂದವನೇ, "ಇಡೀ ಮಳೆಗಾಲ ಮೇಡಂ! ಇಡೀ ಮಳೆಗಾಲ ನನಗೇ ನನ್ನ ಮೇಲೆ ನಂಬಿಕೆ ಇರ್ಲಿಲ್ಲ. ಅವ್ರಿಗೆ ಹೇಳಿ" ಅಂದ. ಏನು ಹೇಳಬೇಕು ಎಂದು ಮಾತ್ರ ಹೇಳಲಿಲ್ಲ. ತಜ್ಞರು ತೀರ್ಪನ್ನು ತಡೆಹಿಡಿದರು. ಮ್ಹಾಳಸಾ ಮಾತಾಡಿದರೆ ಎಂಟಕ್ಕೂ ಇದೇ ರೇಡಿಯೋ, ಇಲ್ಲವಾದರೆ ಇಲ್ಲ ಅಂದರು.

ಮೈಲಾರನನ್ನು ನಡುವಿಗೆ ತರಬೇಕಿತ್ತು. ನಮ್ಮವಕ್ಕೆ ಎಂಜಿನ್ನು ಇಲ್ಲ. ಅಷ್ಟು ಎತ್ತರದಲ್ಲೂ ಇಷ್ಟಿಷ್ಟು ಗಾಳಿ ಇರುತ್ತದೆ. ಬಿಸಿಲು ಹಿಡಿಯುವ ಸೌರ ಫಲಕವನ್ನು ಅಡ್ಡ ಹಿಡಿದರೆ ಆ ಗಾಳಿ ತಡೆಯುತ್ತದೆ, ಉಪಗ್ರಹ ಕೂದಲೆಳೆಯಷ್ಟು ಕೆಳಗಿಳಿಯುತ್ತದೆ, ಕೆಳಗಿಳಿದದ್ದು ವೇಗವಾಗಿ ಸುತ್ತುತ್ತದೆ. ಅಂದರೆ ಮುಂದಿನವರನ್ನು ಹಿಡಿಯಬೇಕಾದರೆ ತಡೆದುಕೊಳ್ಳಬೇಕು. ಕಾರ್ತಿಕ್ ಆಜ್ಞೆ ಬರೆದ, ನಾನು ಕಳಿಸಿದೆ, ಮೈಲಾರ ಅಡ್ಡ ನಿಂತ. ಇನ್ನು ವಾರಗಟ್ಟಲೆ ಕಾಯುವುದೊಂದೇ ಕೆಲಸ. ಅಷ್ಟರಲ್ಲಿ ಮಲ್ಲಪ್ಪನವರ ಬೀಳ್ಕೊಡುಗೆ ಬಂತು. ಕಾರ್ತಿಕ್ ಸಮೋಸಾ ತಟ್ಟೆ ಹಿಡಿದು ಗೋಡೆಗೆ ಆತು ನಿಂತಿದ್ದ, ಹತ್ತಿರ ಹೋಗಲಿಲ್ಲ. ಮಲ್ಲಪ್ಪನವರು ಹೊರಡುವಾಗ ಅವನ ಕಡೆ ಒಂದು ಸಲ ನೋಡಿ, ನನಗೆ, "ಊಟ ಮಾಡು ಅಂತ ಹೇಳ್ರಿ ಅವಗ, ಭಾಳ ಸೊರಗ್ಯಾನ" ಅಂದರು. ಕಾತ್ರಜದಿಂದ ಬೆಳಗಾವಿಯ ಬಸ್ಸು ಹತ್ತಿಸಿ ಬಂದೆ.

ಮಳೆ ಹಿಂದೆ ಸರಿಯಿತು. ದೀಪಾವಳಿಗೆ ಮನೆಯಲ್ಲಿ ಚಕ್ಕುಲಿಯ ಹಿಟ್ಟು ಕಲಸಿಟ್ಟು ಬಂದ ಒಂದು ಬೆಳಿಗ್ಗೆ ಮೈಲಾರ ಗುಡ್ಡದ ಮೇಲೆ ಎದ್ದ. ಪರದೆಯ ಮೇಲೆ ದಿನದ ಸಾಲುಗಳು ಇಳಿಯತೊಡಗಿದವು. ಬಾನಾಯಿಯದು. ಮತ್ತೆ ಬಾನಾಯಿಯದು. ಆಮೇಲೆ ಮ್ಹಾಳಸಾ. ಬಾರಾಮತಿಯ ಮೇಲೆ ಮೋಡವೇ ಇಲ್ಲ ಎಂದು ತಿಳಿಸಿದ್ದಳು. ನಾಲ್ಕು ತಿಂಗಳು ಮೋಡದ ಸಂದಿಗೆ ಕಾದು ಕೂತವರಿಗೆ ಅವಳ ಮೊದಲ ಸುದ್ದಿ ಇದು. ನನಗೆ ನಗಬೇಕೋ ಅಳಬೇಕೋ ತಿಳಿಯದೆ, "ಈಗ ಹೇಳ್ತಾಳ ನೋಡು ದೊಡ್ಡಾಕಿ" ಎಂದು ಪರದೆಯನ್ನೇ ಬೈದೆ.

ಕಾರ್ತಿಕ್ ಕೂಗಲಿಲ್ಲ, ಕುಣಿಯಲಿಲ್ಲ. ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ಸ್ವಲ್ಪ ಹೊತ್ತು ಕೂತ. ಆಮೇಲೆ, "ಮೇಡಂ, ಅವ್ರಿಗೆ..." ಎಂದ. ನಾನು ಫೋನಿಗೆ ಕೈ ಹಾಕಿದೆ. ಅವನು ತಲೆಯಾಡಿಸಿದ. "ಅಲ್ಲ. ಅವ್ರ ನಂಬರ್ ಕೊಡಿ."

ಒಂದು ವರ್ಷ ಎರಡು ಕುರ್ಚಿ ಆಚೆ ಕೂತವರ ನಂಬರು ಅವನ ಹತ್ತಿರ ಇರಲಿಲ್ಲ. ಹೇಳಿದೆ, ಒತ್ತಿಕೊಂಡ. ಮಲ್ಲಪ್ಪನವರು ಫೋನಿನಲ್ಲಿ ಊರಿಗೆಲ್ಲ ಕೇಳುವಂತೆ ಮಾತಾಡುವವರು, ನನಗೂ ಎಲ್ಲ ಕೇಳುತ್ತಿತ್ತು.

"ಸರ್, ನಾನು ಕಾರ್ತಿಕ್."

"ಯಾವ ಕಾರ್ತಿಕ?"

"ರೇಡಿಯೋ ಕಾರ್ತಿಕ್, ಸರ್. ಪುಣೆ."

ಆಚೆಯಿಂದ ಗಾಬರಿಯ ದನಿ ಬಂತು. "ಬಾಯಾರಿಗೆ ಏನರ ಆತೇನೋ ತಮ್ಮಾ?"

"ಇಲ್ಲ ಸರ್, ಚೆನ್ನಾಗಿದಾರೆ, ಇಲ್ಲೇ ಕೂತು ಬೈತಾ ಇದಾರೆ. ಮ್ಹಾಳಸಾ ಮಾತಾಡಿದ್ಳು. ನಾನೇ ಹೇಳೋಣ ಅಂತ ಮಾಡಿದೆ."

ಆಚೆ ಮಲ್ಲಪ್ಪನವರು ಮೂಗು ಒರೆಸಿಕೊಂಡ ಸದ್ದು ಕೇಳಿತು. ಆಮೇಲೆ ಇಬ್ಬರೂ ಒಟ್ಟಿಗೇ ಶುರು ಮಾಡಿದರು, ಒಬ್ಬರ ಮಾತಿನ ಮೇಲೆ ಒಬ್ಬರು, ಅಂತರ ಎಷ್ಟು, ದನಿ ಹೆಂಗದ, ವೈರ್ ಗಿಡ್ಡ ಆಗಿತ್ತು ಅಂತ ನಾ ಅಂದಿದ್ದೆ, ಹೌದು ಸರ್ ನೀವು ಅಂದಿದ್ದು ಸರಿ, ಎಂಟು ಕಟ್ಟುವಾಗ ಒಮ್ಮೆ ಬಂದು ಕೈ ಹಚ್ಚಿ ಸರ್. ಮೈಲಾರ ಗುಡ್ಡದ ಆಚೆ ಮುಳುಗಿದ. ಮುಳುಗಿದ ಎಂದು ಹೇಳಿದೆ, ಇಬ್ಬರಿಗೂ ಕೇಳಲಿಲ್ಲ. ಹೆಡ್‌ಫೋನು ತೆಗೆದಿಟ್ಟು, ತಣ್ಣಗಾದ ಚಹಾ ಕುಡಿಯುತ್ತ, ಯಾರಾದರೂ ನನಗೆ "ಅವರಿಗೆ ಹೇಳಿ" ಅನ್ನುತ್ತಾರೇನೋ ಎಂದು ಕಾದೆ. ಯಾರೂ ಅನ್ನಲಿಲ್ಲ.